ಸರೋವರ ನಾಡಿನ ಕವಿ ವರ್ಡ್ಸ್‌ವರ್ತ್

ಡ್ಯಾಫೊಡಿಲ್ ಹೂವನ್ನು ನಾನು ಕಣ್ಣಾರೆ ಕಂಡವನಲ್ಲ. ನನ್ನ ಸಹಪಾಠಿಗಳಲ್ಲಿಯೂ ಕಂಡವರು ಪ್ರಾಯಶಃ ಯಾರೂ ಇರಲಾರರು. ಆದರೂ ಆ ಹೂವಿನ ಮೇಲಣ ಇಂಗ್ಲಿಷ್ ಪದ್ಯವನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಅದರ ಸಾರಾಂಶವನ್ನು ಬರೆದು ಅಂಕಗಳನ್ನೂ ಗಳಿಸಿದ್ದೇವೆ. ಕಾಣದ ಹೂವನ್ನು ಹೊಗಳಿ ಬರೆದ ಆ ದಿನಗಳಲ್ಲಿ ಕವಿಯ ಹೆಸರು ನನಗೆ ಒಂದು ಪ್ರಶ್ನೆಪತ್ರಿಕೆಯ ಹೆಸರಿನಂತೆ ಮಾತ್ರ ಇತ್ತು. ಬಿ.ಎ. ತರಗತಿಗೆ ಬಂದು, ಗುರುಗಳ ಪಾಠವನ್ನು ಕೇಳಿ, ಗ್ರಂಥಭಂಡಾರದಲ್ಲಿ ಆತನ ಜೀವನಚರಿತ್ರೆಯನ್ನು ಓದಿದ ಮೇಲೆಯೇ ವಿಲಿಯಂ ವರ್ಡ್ಸ್‌ವರ್ತನು ನನಗೆ ಒಬ್ಬ ಮನುಷ್ಯನಾಗಿ ಕಾಣಿಸಿಕೊಂಡದ್ದು. ಆತನ ಮೇಲೆ ನನಗೆ ಗೌರವವುಂಟು. ಒಂದು ಜಗಳವೂ ಉಂಟು. ಎರಡನ್ನೂ ಈ ಲೇಖನದಲ್ಲಿ ವಾಚಕರ ಮುಂದಿಡಲು ಬಯಸುತ್ತೇನೆ.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಬೆಟ್ಟಗಳೂ ಸರೋವರಗಳೂ ಕಿಕ್ಕಿರಿದ ಒಂದು ಸಣ್ಣ ಸೀಮೆಯಿದೆ. ಅದನ್ನು ಲೇಕ್ ಡಿಸ್ಟ್ರಿಕ್ಟ್ ಎಂದು ಕರೆಯುತ್ತಾರೆ. ನಾವು ಸರೋವರ ನಾಡು ಎನ್ನೋಣ. ಮಳೆ ಹೆಚ್ಚು, ನೆಲ ಕಲ್ಲು, ಕುರಿ ಸಾಕುವುದೇ ಅಲ್ಲಿಯ ಜನರ ಹಳೆಯ ಕಸುಬು. ಆ ಸೀಮೆಯ ಅಂಚಿನಲ್ಲಿರುವ ಕಾಕರ್‌ಮತ್ ಎಂಬ ಪಟ್ಟಣದಲ್ಲಿ 1770ನೆಯ ಇಸವಿ ಏಪ್ರಿಲ್ 7ರಂದು ವರ್ಡ್ಸ್‌ವರ್ತನು ಹುಟ್ಟಿದನು. ತಂದೆ ವಕೀಲ, ಲೌದರ್ ಎಂಬ ದೊಡ್ಡ ಜಮೀನ್ದಾರನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವನು. ಡರ್ವೆಂಟ್ ನದಿಯ ದಡದಲ್ಲಿದ್ದ ವಿಶಾಲವಾದ ಮನೆ ಆ ಉದ್ಯೋಗದೊಡನೆ ಬಂದದ್ದು, ಸ್ವಂತದ್ದಲ್ಲ. ನಾಲ್ವರು ಗಂಡುಮಕ್ಕಳ ನಡುವೆ ಡರತಿ ಎಂಬ ಒಬ್ಬಳೇ ತಂಗಿ.

ಈ ಸುಖ ಬಹುಕಾಲ ನಿಲ್ಲಲಿಲ್ಲ. 1778ರಲ್ಲಿ ತಾಯಿ ತೀರಿಕೊಂಡಳು. ಡರತಿಯನ್ನು ದೂರದ ನೆಂಟರ ಮನೆಗೆ ಕಳುಹಿಸಿದರು. ಅಣ್ಣತಂಗಿಯರು ಮತ್ತೆ ಒಬ್ಬರನ್ನೊಬ್ಬರು ಕಾಣುವ ಹೊತ್ತಿಗೆ ಒಂಬತ್ತು ವರ್ಷಗಳೇ ಕಳೆದಿದ್ದವು. 1783ರ ಕೊನೆಯಲ್ಲಿ ತಂದೆಯೂ ತೀರಿಕೊಂಡನು. ಆಗ ಹುಡುಗನಿಗೆ ಹದಿಮೂರು ವರ್ಷ. ತಂದೆಗೆ ಸಲ್ಲಬೇಕಾಗಿದ್ದ ನಾಲ್ಕು ಸಾವಿರ ಪೌಂಡಿಗೂ ಮಿಕ್ಕ ಹಣವನ್ನು ಆ ಜಮೀನ್ದಾರನು ಕೊಡದೆ ಸತಾಯಿಸಿದನು. 1802ರಲ್ಲಿ ಅವನು ಸತ್ತು ಉತ್ತರಾಧಿಕಾರಿ ಬಂದ ಮೇಲೆಯೇ ಆ ಸಾಲ ತೀರಿದ್ದು. ತಬ್ಬಲಿ ಮಕ್ಕಳು ನೆಂಟರ ಹಂಗಿನ ಅನ್ನವನ್ನು ಉಂಡು ಬೆಳೆಯಬೇಕಾಯಿತು.

ಆ ಹುಡುಗನನ್ನು ಉಳಿಸಿದ್ದು ಹಾಕ್ಸ್‌ಹೆಡ್ ಎಂಬ ಹಳ್ಳಿಯ ಶಾಲೆ. 1779ರಿಂದ 1787ರವರೆಗೆ ಅವನು ಅಲ್ಲಿ ಓದಿದನು. ಊಟ, ವಸತಿ ಆನ್ ಟೈಸನ್ ಎಂಬ ಮುದುಕಿಯ ಮನೆಯಲ್ಲಿ. ಹೆತ್ತ ತಾಯಿಯಿಲ್ಲದ ಹುಡುಗನಿಗೆ ಆಕೆಯೇ ತಾಯಿಯಾದಳು. ಶಾಲೆ ಬಿಟ್ಟ ಕೂಡಲೇ ಬೆಟ್ಟ ಹತ್ತುವುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುವುದು, ರಾತ್ರಿ ದೋಣಿ ಬಿಚ್ಚಿಕೊಂಡು ಸರೋವರಕ್ಕೆ ಹೋಗುವುದು, ಇವೇ ಅವನ ಆಟಗಳು. ಮುಂದೆ ದೊಡ್ಡ ಕಾವ್ಯವಾದದ್ದೆಲ್ಲ ಆ ಆಟಗಳ ನೆನಪೇ. ಆ ಶಾಲೆಯಲ್ಲಿ ಅವನ ಹೆಸರನ್ನು ಕೊರೆದ ಮೇಜೊಂದು ಇಂದಿಗೂ ಇದೆ. ನೋಡಲು ದೇಶಾಂತರಗಳಿಂದ ಜನ ಬರುತ್ತಾರೆ. ಮೇಜಿನ ಮೇಲೆ ಹೆಸರು ಕೊರೆದುದಕ್ಕೆ ದಂಡ ತೆತ್ತ ನಮ್ಮ ಕಾಲೇಜಿನ ಮಿತ್ರರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

1787ರಲ್ಲಿ ಅವನು ಕೇಂಬ್ರಿಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದನು. ಸೈಜರ್ ಎಂಬ ದರ್ಜೆಯಲ್ಲಿ, ಎಂದರೆ ಬಡ ವಿದ್ಯಾರ್ಥಿಗಳಿಗೆಂದು ಶುಲ್ಕದ ರಿಯಾಯಿತಿ ಇದ್ದ ದರ್ಜೆಯಲ್ಲಿ, ಅವನಿಗೆ ಪ್ರವೇಶ ದೊರೆಯಿತು. ಓದಿನಲ್ಲಿ ವಿಶೇಷವಾಗಿ ಮಿಂಚಲಿಲ್ಲ. 1791ರಲ್ಲಿ ಸಾಧಾರಣವಾಗಿ ಬಿ.ಎ. ಮುಗಿಸಿದನು. ಅದಕ್ಕೆ ಮೊದಲು, 1790ರ ಬೇಸಗೆ ರಜೆಯಲ್ಲಿ ಪರೀಕ್ಷೆಗೆ ಓದುವುದನ್ನು ಬಿಟ್ಟು, ಒಬ್ಬ ಗೆಳೆಯನೊಡನೆ ಫ್ರಾನ್ಸನ್ನು ದಾಟಿ ಆಲ್ಪ್ಸ್ ಪರ್ವತಗಳವರೆಗೆ ನಡೆದುಹೋಗಿ ಬಂದನು. ಫ್ರಾನ್ಸಿನಲ್ಲಿ ಆಗ ಮಹಾಕ್ರಾಂತಿಯ ಮೊದಲ ವರ್ಷ. ಬಡವನೂ ಮನುಷ್ಯನೇ ಎಂಬ ಮಾತು ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದ ಕಾಲ. ತರುಣನು ಆ ಗಾಳಿಯನ್ನು ಉಸಿರಾಡಿದನು. 1791ರ ಕೊನೆಯಲ್ಲಿ ಮತ್ತೆ ಅಲ್ಲಿಗೆ ಹೋದನು. ಆನೆಟ್ ವಲೋನ್ ಎಂಬ ತರುಣಿಯನ್ನು ಪ್ರೀತಿಸಿದನು. 1792ರ ಡಿಸೆಂಬರಿನಲ್ಲಿ ಕೆರೊಲೀನ್ ಎಂಬ ಮಗಳು ಹುಟ್ಟಿದಳು. ಕೈಯಲ್ಲಿ ಹಣವಿಲ್ಲದೆ ಅವನು ಊರಿಗೆ ಹಿಂದಿರುಗಿದ್ದನು. ಅಷ್ಟರಲ್ಲಿ ಎರಡು ದೇಶಗಳ ನಡುವೆ ಯುದ್ಧ ಹತ್ತಿಕೊಂಡಿತು. ಮಗಳೊಡನೆ ಕಡಲ ದಂಡೆಯಲ್ಲಿ ತಿರುಗಾಡುವ ಯೋಗ ಅವನಿಗೆ ಒದಗಿದ್ದು 1802ರಲ್ಲಿ, ಯುದ್ಧಕ್ಕೆ ಸ್ವಲ್ಪ ಬಿಡುವು ದೊರೆತಾಗ. ಆತನ ಬಾಳಿನ ಈ ಭಾಗವನ್ನು ಹಿಂದಿನವರು ಬಹುಕಾಲ ಮುಚ್ಚಿಟ್ಟಿದ್ದರು. ಮುಚ್ಚಿಡಬೇಕಾದದ್ದೇನೂ ನನಗೆ ಕಾಣದು. ದೊಡ್ಡವರ ತಪ್ಪುಗಳೂ ಅವರ ಬಾಳಿನವೇ.

ಕೆಲಸವಿಲ್ಲ, ಮನೆಯಿಲ್ಲ, ನಂಬಿದ ಕ್ರಾಂತಿಯೂ ರಕ್ತಪಾತದಲ್ಲಿ ಮುಗಿಯಿತು. ಇಂತಹ ಹೊತ್ತಿನಲ್ಲಿ, 1795ರಲ್ಲಿ, ಕಾಯಿಲೆಯಿಂದ ತೀರಿಕೊಂಡ ಒಬ್ಬ ಗೆಳೆಯನು ಒಂಬೈನೂರು ಪೌಂಡುಗಳನ್ನು ಇವನ ಹೆಸರಿಗೆ ಬರೆದಿಟ್ಟಿದ್ದನು. ಆ ಹಣದ ಆಧಾರದಿಂದ ಅಣ್ಣತಂಗಿಯರು ಒಂದೇ ಸೂರಿನಡಿಯಲ್ಲಿ ಬಾಳುವಂತಾಯಿತು. ಕೋಲ್‌ರಿಜನ ಸ್ನೇಹವೂ ಆಗಲೇ ಬೆಳೆಯಿತು. 1798ರಲ್ಲಿ ಇಬ್ಬರೂ ಸೇರಿ ಕವಿಗಳ ಹೆಸರಿಲ್ಲದೆಯೇ ಲಿರಿಕಲ್ ಬ್ಯಾಲಡ್ಸ್ ಎಂಬ ಸಣ್ಣ ಪುಸ್ತಕವನ್ನು ಹೊರತಂದರು. ಎರಡನೆಯ ಮುದ್ರಣಕ್ಕೆ ವರ್ಡ್ಸ್‌ವರ್ತನು ಬರೆದ ಮುನ್ನುಡಿಯನ್ನು ನಾವು ಪಠ್ಯವಾಗಿಯೇ ಓದುತ್ತೇವೆ. ಹಳ್ಳಿಯವರ ಬಾಳೂ ಆಡುಮಾತೂ ಕಾವ್ಯಕ್ಕೆ ಸಲ್ಲುವ ವಸ್ತುಗಳೆಂದು ಅವನು ಅಲ್ಲಿ ಸಾರಿದನು. ಕುರುಬ, ಭಿಕ್ಷುಕ, ಬುದ್ಧಿ ಬೆಳೆಯದ ಹುಡುಗ, ಮಗನನ್ನು ಕಳೆದುಕೊಂಡ ಮುದುಕ, ಇವರೆಲ್ಲ ಅವನ ಪದ್ಯಗಳೊಳಗೆ ತಲೆಯೆತ್ತಿಕೊಂಡು ಬಂದರು. ಆ ಮುನ್ನುಡಿಯನ್ನು ಮೊದಲ ಸಲ ಓದಿದ ದಿನ, ನಮ್ಮ ಮನೆಯಲ್ಲಿ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಎಷ್ಟು ಸಂತೋಷವಾಯಿತೆಂಬುದನ್ನು ಹೇಳಲಾರೆ.

1799ರ ಡಿಸೆಂಬರಿನಲ್ಲಿ ಅಣ್ಣತಂಗಿಯರು ಗ್ರಾಸ್ಮಿಯರ್ ಹಳ್ಳಿಗೆ ಬಂದು ನೆಲೆಸಿದರು. ಹಿಂದೆ ಹೆಂಡದಂಗಡಿಯಾಗಿದ್ದ, ಸಣ್ಣ ಕಿಟಕಿಗಳ, ಕಲ್ಲುಹಾಸಿನ ಒಂದು ಬಾಡಿಗೆ ಮನೆ. ಇಂದು ಡವ್ ಕಾಟೇಜ್ ಎಂದು ಲೋಕಪ್ರಸಿದ್ಧವಾದ ಆ ಮನೆಗೆ ಅವರ ಕಾಲದಲ್ಲಿ ಆ ಹೆಸರೇ ಇರಲಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ನಡೆದು ಬರುತ್ತಿದ್ದಾಗ ಗಾಳಿಗೆ ತಲೆದೂಗುತ್ತಿದ್ದ ಹೂಗಳ ಸಾಲನ್ನು ಅವರು ಕಂಡರು. ತಂಗಿ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಎರಡು ವರ್ಷಗಳ ಅನಂತರ ಪದ್ಯ ಕಟ್ಟಿದನು. ಅದರ ಅತ್ಯುತ್ತಮವಾದ ಎರಡು ಸಾಲುಗಳು ಹೆಂಡತಿ ಮೇರಿಯವು ಎಂದು ಅವನೇ ಒಪ್ಪಿಕೊಂಡನು. ಪದ್ಯದಲ್ಲಿ ಒಬ್ಬನೇ ಅಲೆಯುತ್ತಾನೆ. ನಿಜದಲ್ಲಿ ಮೂವರ ದುಡಿಮೆ ಅದರಲ್ಲಿದೆ. ಪರೀಕ್ಷೆಗೆ ಓದುವಾಗ ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಬಾಲ್ಯದ ಗೆಳತಿ ಮೇರಿ ಹಚಿನ್ಸನ್‌ಳನ್ನು ಅವನು ಮದುವೆಯಾಗಿದ್ದನು. ಐವರು ಮಕ್ಕಳಾದರು. 1805ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯ ಹಡಗಿನ ಕಪ್ತಾನನಾಗಿ ಬಂಗಾಳಕ್ಕೂ ಚೀನಕ್ಕೂ ಹೊರಟಿದ್ದ ತಮ್ಮ ಜಾನ್ ಇಂಗ್ಲೆಂಡಿನ ಕರಾವಳಿಯಲ್ಲಿಯೇ ಮುಳುಗಿ ಸತ್ತನು. 1812ರ ಒಂದೇ ವರ್ಷದಲ್ಲಿ ಮೂರು ವರ್ಷದ ಮಗಳನ್ನೂ ಆರು ವರ್ಷದ ಮಗನನ್ನೂ ಮಣ್ಣು ಮಾಡಬೇಕಾಯಿತು. ಆಗ ಅವರಿದ್ದ ಮನೆಯ ಎದುರಿಗೇ ಇಗರ್ಜಿಯ ಸ್ಮಶಾನ. ಅದನ್ನು ನೋಡುತ್ತ ಬದುಕಲಾರದೆ 1813ರಲ್ಲಿ ರೈಡಲ್ ಮೌಂಟ್ ಎಂಬ ಮನೆಗೆ ಹೋದರು. ಸರಕಾರದ ಸ್ಟಾಂಪು ಹಂಚುವ ಅಧಿಕಾರಿಯ ಉದ್ಯೋಗವೂ ಆ ವರ್ಷವೇ ದೊರೆಯಿತು. ಕ್ರಾಂತಿಯ ಕನಸು ಕಂಡವನು ಕ್ರಮೇಣ ಸಂಪ್ರದಾಯಸ್ಥನಾದನು. ಕೀರ್ತಿಯೂ ಬಂದಿತು, 1843ರಲ್ಲಿ ಆಸ್ಥಾನಕವಿಯ ಪಟ್ಟವೂ ಬಂದಿತು. ಅಪ್ಪಣೆಯ ಮೇರೆಗೆ ಪದ್ಯ ಬರೆಯಬೇಕಾಗಿಲ್ಲ ಎಂಬ ಭರವಸೆ ದೊರೆತ ಮೇಲೆಯೇ ಅವನು ಅದನ್ನು ಒಪ್ಪಿದನು.

ಇನ್ನು ನನ್ನ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ವರ್ಡ್ಸ್‌ವರ್ತನು ತನ್ನ ಸೀಮೆಗೆ ಪ್ರವಾಸಿಗಳಿಗಾಗಿ ಒಂದು ಕೈಪಿಡಿಯನ್ನೂ ಬರೆದನು. 1810ರಲ್ಲಿ ಬೇರೊಬ್ಬರ ಚಿತ್ರಸಂಪುಟಕ್ಕೆ ಹೆಸರಿಲ್ಲದ ಪೀಠಿಕೆಯಾಗಿ ಹುಟ್ಟಿದ ಈ ಬರಹವು ಬೆಳೆಯುತ್ತ ಬೆಳೆಯುತ್ತ 1835ರಲ್ಲಿ ಐದನೆಯ ಮುದ್ರಣವನ್ನು ಕಂಡಿತು. ಬೆಟ್ಟಕಣಿವೆಗಳು ಹೇಗೆ ಹರಡಿಕೊಂಡಿವೆ, ಯಾವ ತಿಂಗಳಲ್ಲಿ ಬಂದರೆ ಚೆನ್ನ, ಮನೆಗಳನ್ನು ಏಕೆ ಸುಣ್ಣದ ಬಿಳುಪಿನಿಂದ ಕೆಡಿಸಬಾರದು, ಹೊರಗಿನ ಮರಗಳನ್ನು ಸಾಲಾಗಿ ನೆಟ್ಟರೆ ಬೆಟ್ಟದ ರೂಪ ಹೇಗೆ ಹಾಳಾಗುತ್ತದೆ, ಎಲ್ಲವನ್ನೂ ಅವನು ಅದರಲ್ಲಿ ಬರೆದನು. ನೋಡುವ ಕಣ್ಣೂ ಸವಿಯುವ ಮನಸ್ಸೂ ಉಳ್ಳವರೆಲ್ಲರಿಗೂ ಆ ನಾಡು ಸೇರಿದ ಸೊತ್ತು, ಇಡೀ ರಾಷ್ಟ್ರದ ಸೊತ್ತು ಎಂಬುದು ಅವನ ಅಭಿಪ್ರಾಯ. ಒಂದು ಸೀಮೆಯ ಚೆಲುವು ಅಲ್ಲಿಯ ಜಮೀನ್ದಾರರದಲ್ಲ, ಸರ್ವರದು ಎಂದು ಆ ಕಾಲದಲ್ಲಿ ಹೇಳಲು ಧೈರ್ಯ ಬೇಕು.

ಕೈಪಿಡಿಯಿಂದಲೂ ಕಾವ್ಯದಿಂದಲೂ ಜನ ಬರತೊಡಗಿದರು. ರೈಡಲ್ ಮೌಂಟಿನ ಬಾಗಿಲಿಗೇ ನೂರಾರು ಮಂದಿ ಬಂದರು. ಅಮೆರಿಕದಿಂದ ಎಮರ್ಸನ್ ಬಂದನು. 1844ರಲ್ಲಿ ಕೆಂಡಲ್ ಪಟ್ಟಣದಿಂದ ವಿಂಡರ್ಮಿಯರ್ ಸರೋವರದ ಬಳಿಗೆ ರೈಲು ಹಾಕುವ ಸುದ್ದಿ ಹುಟ್ಟಿತು. ಎಪ್ಪತ್ತನಾಲ್ಕರ ಮುದುಕನು ಸಿಡಿದೆದ್ದನು. ಒಂದು ಸಾನೆಟ್ಟನ್ನೂ, ಪತ್ರಿಕೆಗೆ ಎರಡು ಉದ್ದನೆಯ ಪತ್ರಗಳನ್ನೂ ಬರೆದನು. ಬೆಟ್ಟ ಅಗೆದು ಹಳಿ ಹಾಕುವುದು ಬೇಡ ಎಂದಿದ್ದರೆ ನಾನೂ ತಲೆದೂಗುತ್ತಿದ್ದೆ. ಆದರೆ ಅವನ ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಬೆಟ್ಟಸರೋವರಗಳ ಚೆಲುವನ್ನು ಸವಿಯುವ ಶಕ್ತಿ ಹುಟ್ಟಿನಿಂದ ಬರುವುದಲ್ಲ, ಸಂಸ್ಕಾರದಿಂದ ನಿಧಾನವಾಗಿ ಬರುವುದು. ಕೂಲಿಗಾರರನ್ನೂ ಕುಶಲಕರ್ಮಿಗಳನ್ನೂ ಸಣ್ಣ ಅಂಗಡಿಯವರನ್ನೂ ಸಾವಿರಾರು ಮಂದಿಯಾಗಿ ರೈಲಿನಲ್ಲಿ ತುಂಬಿ ತಂದರೆ ಅವರಿಗೂ ಲಾಭವಿಲ್ಲ, ನಾಡಿಗೂ ಕೇಡು. ಅವರು ತಮ್ಮ ಊರ ಬಳಿಯ ಹೊಲಗಳಲ್ಲಿಯೇ ಹೆಂಡತಿ ಮಕ್ಕಳೊಡನೆ ತಿರುಗಾಡುವುದು ಮೇಲು ಎಂಬುದು ಅವನ ವಾದದ ತಿರುಳು.

ಇಲ್ಲಿಯೇ ನನ್ನ ಜಗಳ. ಹಳ್ಳಿಗನ ಮಾತನ್ನು ಕಾವ್ಯಕ್ಕೆ ತಂದವನೇ, ಆ ಹಳ್ಳಿಗನು ಗಿರಣಿಯ ಕೂಲಿಯಾಗಿ ಒಂದು ದಿನದ ರಜೆಯಲ್ಲಿ ಬೆಟ್ಟ ನೋಡಲು ಬಂದರೆ ಬಾಗಿಲಿಕ್ಕುವುದೇ? ಇಡೀ ರಾಷ್ಟ್ರದ ಸೊತ್ತೆಂದು ಹೇಳಿದ ಮೇಲೆ ರಾಷ್ಟ್ರದಲ್ಲಿ ಯಾರು ಯಾರಿದ್ದಾರೆಂದು ಎಣಿಸಬೇಡವೇ? ಆ ಪತ್ರಗಳ ವಿಚಾರವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆ ರೈಲಿನ ಮೂರನೆಯ ದರ್ಜೆಯಲ್ಲಿ ನಮ್ಮ ಅಪ್ಪಯ್ಯನೇ ಕುಳಿತಿರುವಂತೆ ನನಗೆ ಕಾಣುತ್ತಿತ್ತು.

ಆದರೆ ಚರಿತ್ರೆಯು ಕವಿಯನ್ನು ಪೂರ್ತಿಯಾಗಿ ಸೋಲಿಸಲೂ ಇಲ್ಲ, ಪೂರ್ತಿಯಾಗಿ ಗೆಲ್ಲಿಸಲೂ ಇಲ್ಲ. 1847ರಲ್ಲಿ ರೈಲು ಬಂದಿತು. ನಿಲ್ದಾಣದ ಸುತ್ತ ಒಂದು ಪಟ್ಟಣವೇ ಬೆಳೆದು ಸರೋವರದ ಹೆಸರನ್ನೇ ಇಟ್ಟುಕೊಂಡಿತು. ಆದರೆ ಹಳಿ ಅಲ್ಲಿಗೇ ನಿಂತಿತು. ಗ್ರಾಸ್ಮಿಯರ್ ಕಣಿವೆಯೊಳಗೆ ಇಂದಿಗೂ ರೈಲಿಲ್ಲ. ಅದೇ ವರ್ಷ ಮುದ್ದಿನ ಮಗಳು ಡೋರಾ ತೀರಿಕೊಂಡಳು. ಆ ದುಃಖದಿಂದ ಕವಿ ಚೇತರಿಸಿಕೊಳ್ಳಲಿಲ್ಲ. 1850ರ ಏಪ್ರಿಲ್ 23ರಂದು ರೈಡಲ್ ಮೌಂಟಿನಲ್ಲಿ ಆತನು ಕಾಲವಾದನು. ಗ್ರಾಸ್ಮಿಯರ್ ಇಗರ್ಜಿಯ ಅಂಗಳದಲ್ಲಿ, ತಾನೇ ನೆಡಿಸಿದ್ದ ಯೂ ಮರಗಳ ಬಳಿಯಲ್ಲಿ, ಆತನ ಸಮಾಧಿಯಿದೆ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ತಿದ್ದುತ್ತಿದ್ದ ಆತ್ಮಕಥನದ ಮಹಾಕಾವ್ಯ ಪ್ರಿಲ್ಯೂಡ್ ಪ್ರಕಟವಾದದ್ದು ಆ ವರ್ಷವೇ, ಆತನ ಮರಣಾನಂತರ.

ಮುಂದಿನ ಕಥೆ ನಮ್ಮಂತಹವರು ಗಮನಿಸತಕ್ಕದ್ದು. 1890ರಲ್ಲಿ ಡವ್ ಕಾಟೇಜನ್ನು ಅಭಿಮಾನಿಗಳು 650 ಪೌಂಡುಗಳಿಗೆ ಕೊಂಡು, ಮರುವರ್ಷ ಜನರಿಗೆ ತೆರೆದರು. 1895ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ಅದನ್ನು ಕಟ್ಟಿದ ಮೂವರಲ್ಲಿ ಒಬ್ಬನಾದ ರಾನ್ಸ್‌ಲಿ ಆ ಸೀಮೆಯ ಪಾದ್ರಿ, ಕವಿಯ ಭಕ್ತ. 1906ರಲ್ಲಿ ಆ ಸಂಸ್ಥೆಯು ಸಾರ್ವಜನಿಕರ ಚಂದಾಹಣದಿಂದ ಡ್ಯಾಫೊಡಿಲ್ ಸೀಮೆಯ ಗೌಬ್ಯಾರೋ ವನವನ್ನು ಕೊಂಡಿತು. 1930ರ ದಶಕದಲ್ಲಿ ಕವಿ ಹುಟ್ಟಿದ ಮನೆಯನ್ನು ಕೆಡವಿ ಬಸ್ ನಿಲ್ದಾಣ ಕಟ್ಟಬೇಕೆಂಬ ಯೋಜನೆ ಬಂದಾಗ ಜನರೇ ಹಣ ಕೂಡಿಸಿ ಅದನ್ನು ಉಳಿಸಿ, 1938ರಲ್ಲಿ ಟ್ರಸ್ಟಿಗೆ ಒಪ್ಪಿಸಿದರು. 1951ರಲ್ಲಿ ಆ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕವಿ ಬಯಸಿದ ರಾಷ್ಟ್ರದ ಸೊತ್ತು ಹೀಗೆ ನಿಜವಾಯಿತು. ಅವನು ಬೇಡವೆಂದ ಜನಸಾಮಾನ್ಯರೂ ತಮ್ಮ ಕಾಸು ಸೇರಿಸಿದ್ದರಿಂದಲೇ ನಿಜವಾಯಿತು.

ಆದರೂ ಮುದುಕನ ಅಂಜಿಕೆ ಸುಳ್ಳೆಂದು ಹೇಳಲಾಗದು. ಸುಮಾರು 40 ಸಾವಿರ ಜನರು ವಾಸಿಸುವ ಆ ಉದ್ಯಾನಕ್ಕೆ ಇಂದು ವರ್ಷಕ್ಕೆ ಒಂದೂವರೆ ಕೋಟಿಗೂ ಮಿಕ್ಕಿ ಪ್ರವಾಸಿಗಳು ಬರುತ್ತಾರೆ. ಕಾಲ್ತುಳಿತದಿಂದ ಬೆಟ್ಟದ ದಾರಿಗಳು ಸವೆದು, ಕಲ್ಲು ಹಾಸಿ ದುರಸ್ತಿ ಮಾಡಬೇಕಾಗುತ್ತಿದೆ. ಇಕ್ಕಟ್ಟಾದ ರಸ್ತೆಗಳಲ್ಲಿ ಕಾರುಗಳ ಸಾಲು. ಹೊರಗಿನ ಧನಿಕರು ರಜೆಗೆಂದು ಮನೆಗಳನ್ನು ಕೊಳ್ಳುವುದರಿಂದ ಅಲ್ಲಿಯೇ ಹುಟ್ಟಿದ ತರುಣರಿಗೆ ಮನೆ ಕೈಗೆಟುಕದಾಗಿದೆ. ಪ್ರವಾಸಿಗಳಿಂದ ಹೋಟೆಲಿಗೆ, ಅಂಗಡಿಗೆ, ಕೆಲಸಗಾರರಿಗೆ ಅನ್ನ ದೊರೆಯುತ್ತದೆ; ಅದೇ ಪ್ರವಾಸಿಗಳಿಂದ ಊರಿನವರು ಊರು ಬಿಡುವಂತೆಯೂ ಆಗುತ್ತದೆ.

ಇದೆಲ್ಲ ದೂರದ ದೇಶದ ಮಾತೆಂದು ಮಿತ್ರರು ಭಾವಿಸಬಾರದು. ನಮ್ಮ ಮಲೆನಾಡಿನಲ್ಲಿಯೂ ಒಂದು ಕವಿಮನೆಯಿದೆ. ವರ್ಡ್ಸ್‌ವರ್ತನ ಕಾವ್ಯವನ್ನು ಪ್ರೀತಿಯಿಂದ ಓದಿಕೊಂಡಿದ್ದ ಕುವೆಂಪು ಅವರು ಬೆಳೆದ ಕುಪ್ಪಳಿಯ ಮನೆ ಈಗ ಪ್ರತಿಷ್ಠಾನದ ಆಡಳಿತದಲ್ಲಿರುವ ವಸ್ತುಸಂಗ್ರಹಾಲಯ. 1994ರಲ್ಲಿ ನಿಧನರಾದ ಅವರ ಸಮಾಧಿಯು ಮೇಲಿನ ಕವಿಶೈಲದಲ್ಲಿದೆ. ಕಳೆದ ರಜೆಯಲ್ಲಿ ನಾನು ಅಪ್ಪಯ್ಯನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಶಾಲೆಯ ಮುಖ ಕಂಡವರಲ್ಲ. ಹೆರವರ ಅಡಕೆ ತೋಟದಲ್ಲಿ ದುಡಿದು ನನ್ನನ್ನು ಓದಿಸಿದವರು. ನಾನು ಗೋಡೆಯ ಬರಹಗಳನ್ನು ಓದಿ ಹೇಳುತ್ತ ಪಂಡಿತನಂತೆ ಮುಂದೆ ನಡೆದೆ. ಹಳೆಯ ಬೇಸಾಯದ ಸಾಮಾನುಗಳಿದ್ದಲ್ಲಿಗೆ ಬಂದಾಗ ನನ್ನ ಪಾಂಡಿತ್ಯ ಮುಗಿಯಿತು. ಅಪ್ಪಯ್ಯನ ಪಾಠ ಶುರುವಾಯಿತು. ಯಾವುದನ್ನು ಯಾವ ಮರದಿಂದ ಮಾಡುತ್ತಾರೆ, ಯಾವುದರಲ್ಲಿ ಭತ್ತ ಅಳೆಯುತ್ತಿದ್ದರು, ಅಳೆಯುವಾಗ ಒಡೆಯರ ಕೈ ಹೇಗೆ, ಆಳುಗಳ ಕೈ ಹೇಗೆ, ಒಂದೊಂದನ್ನೂ ಬಿಡದೆ ಹೇಳಿದರು. ಪಕ್ಕದಲ್ಲಿದ್ದ ಪಟ್ಟಣದ ಮಕ್ಕಳು ನನ್ನನ್ನು ಬಿಟ್ಟು ಅವರ ಸುತ್ತ ನೆರೆದರು. ಸಂಜೆ ಕವಿಶೈಲದಲ್ಲಿ ಅವರು ಮಾತಿಲ್ಲದೆ ಬಹಳ ಹೊತ್ತು ಕುಳಿತರು. ಕಡೆಯಲ್ಲಿ, ಬಂಡೆಯ ಬಳಿ ಯಾರೋ ಬಿಸುಟಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಆಯ್ದು ಚೀಲಕ್ಕೆ ತುಂಬಿಕೊಂಡರು. ಅವನ್ನು ಬಿಸುಟವರು ಓದು ಬಲ್ಲವರೇ ಇದ್ದಿರಬೇಕು.

ಚೆಲುವನ್ನು ಸವಿಯಲು ಸಂಸ್ಕಾರ ಬೇಕು ಎಂಬ ಕವಿಯ ಮಾತು ನಿಜವೇ. ಆದರೆ ಆ ಸಂಸ್ಕಾರ ಯಾರಲ್ಲಿರುತ್ತದೆ ಎಂಬ ಲೆಕ್ಕದಲ್ಲಿ ಆತನು ತಪ್ಪಿದನು. ಕವಿಯ ಊರನ್ನು ಪ್ರವಾಸಿಗಳ ಊರಾಗಿ ಬೆಳೆಸುವವರು ಎರಡನ್ನೂ ನೆನಪಿನಲ್ಲಿಡಬೇಕು. ಬಾಗಿಲು ಎಲ್ಲರಿಗೂ ತೆರೆದಿರಬೇಕು. ತೆರೆದ ಬಾಗಿಲಿನೊಳಗೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುವ ಕೈಪಿಡಿಯೂ ಇರಬೇಕು. ದಾರಿ ತೋರಿಸುವ ಕೆಲಸ, ಊಟ ವಸತಿಗಳ ಕೆಲಸ ಮೊದಲು ಆ ಊರಿನವರಿಗೇ ಸಿಕ್ಕಬೇಕು. ಹಳೆಯ ಸಾಮಾನುಗಳ ಕಥೆಯನ್ನು ಅವುಗಳನ್ನು ಹಿಡಿದು ದುಡಿದವರ ಬಾಯಿಂದಲೇ ಕೇಳಿಸಬೇಕು. ಅವರು ಇನ್ನೆಷ್ಟು ಕಾಲ ನಮ್ಮೊಡನಿರುತ್ತಾರೆ? ನಮ್ಮ ಕಾಲೇಜಿನ ಕನ್ನಡ ಸಂಘ ಮತ್ತು ಇಂಗ್ಲಿಷ್ ಸಂಘಗಳು ಸೇರಿ, ಮುಂದಿನ ರಜೆಯಲ್ಲಿ ಹಳ್ಳಿಯ ಹಿರಿಯರಿಂದ ಆ ಹೆಸರುಗಳನ್ನೂ ಕಥೆಗಳನ್ನೂ ಬರೆದುಕೊಂಡು ಒಂದು ಸಣ್ಣ ಕೈಪಿಡಿಯನ್ನು ತರಬಾರದೇಕೆ? ಗುರುಗಳು ಮಾರ್ಗದರ್ಶನ ಮಾಡಿದರೆ ನಾವು ಹತ್ತು ಮಂದಿ ಸಿದ್ಧರಿದ್ದೇವೆ.

ವರ್ಡ್ಸ್‌ವರ್ತನೊಡನೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಆದರೆ ಜಗಳವಾಡುವಷ್ಟು ಸಲಿಗೆಯನ್ನು ಕೊಟ್ಟ ಕವಿ ಆತನೊಬ್ಬನೇ. ಎಂದಾದರೂ ಗ್ರಾಸ್ಮಿಯರಿಗೆ ಹೋಗುವ ಯೋಗ ಬಂದರೆ ಆ ರೈಲಿನಲ್ಲಿಯೇ ಹೋಗುತ್ತೇನೆ. ಹಳಿ ಮುಗಿದಲ್ಲಿ ಇಳಿದು, ಆತನು ಮೆಚ್ಚುವಂತೆ, ಮುಂದಿನ ದಾರಿಯನ್ನು ನಡೆದೇ ಸಾಗುತ್ತೇನೆ.